ಷರಾ

ವಾಲ್ಸಾಲಿನ ಕಾಲುವೆ ದಂಡೆಯ ಈ ಇಟ್ಟಿಗೆ ಕಟ್ಟಡದಲ್ಲಿ
ಕುದುರೆಗೆ ಬೇಕಾದದ್ದೆಲ್ಲ ಹೊಲಿಯುತ್ತೇವೆ,
ಸವಾರನಿಗೆ ಏನೂ ಇಲ್ಲ.
ಮೂರು ವರ್ಷದ ಹಿಂದೆ ಹನ್ನೊಂದು ಜನ. ಈಗ ಮೂವತ್ನಾಲ್ಕು.
ಊಟದ ಕೋಣೆಯಲ್ಲಿ ಮಗ್ಗು ಸಾಲುವುದಿಲ್ಲ.

ಲೆಕ್ಕವೂ ತಾಳೆಯಾಗುವುದಿಲ್ಲ.
ಹಿತ್ತಾಳೆ ಬಕಲ್, ಮುಕ್ಕಾಲು ಇಂಚಿನದು:
ಎಕ್ಸೆಲ್ ಹಾಳೆಯ ಪ್ರಕಾರ ಇನ್ನೂರ ಹದಿನಾಲ್ಕು,
ನನ್ನ ಅಕೌಂಟ್ಸ್ ಪ್ರಕಾರ ಮುನ್ನೂರ ಆರು,
ಡಬ್ಬಿಗೆ ಕೈ ಹಾಕಿದರೆ ಒಂಬತ್ತು.
ಮಾರ್ಚಿನಲ್ಲಿ ಒಂದೇ ಲಗಾಮು ಅಬರ್ಡೀನಿಗೆ ಎರಡು ಸಲ ಹೋಯಿತು.
ಆಕೆ ಒಂದನ್ನು ವಾಪಸು ಕಳಿಸಿದಳು, ಜೊತೆಗೊಂದು ಚೀಟಿ:
"ನನಗಿರುವುದು ಒಂದೇ ಕುದುರೆ."

ಗ್ವೆಂಡಾ ಆ ಚೀಟಿಯನ್ನು ಗೋಡೆಗೆ ಅಂಟಿಸಿ ನನ್ನತ್ತ ತಿರುಗಿದಳು.
ಎಲ್ಲ ಒಂದೇ ಕಡೆ ಇರುವಂಥದ್ದು ತರೋಣ.
ಮಾಲು, ಆರ್ಡರು, ಸಂಬಳ, ಬಿಲ್ಲು.
ಆರಿಸುವವಳು ನೀನು.

ನಾನು ರಾಣೆಬೆನ್ನೂರಿನ ದಲಾಲಿ ಅಂಗಡಿಯಲ್ಲಿ
ಮೂರು ವರ್ಷ ಕಿರ್ದಿ ಬರೆದವಳು.
ಜಮಾ ಎಡಕ್ಕೆ, ಖರ್ಚು ಬಲಕ್ಕೆ, ಸಂಜೆಗೆ ಶಿಲ್ಕು.
ಒಂದೇ ಪುಸ್ತಕ, ಕೆಂಪು ಬಟ್ಟೆಯ ರಟ್ಟು.
ಅದನ್ನು ಇಂಟಿಗ್ರೇಟೆಡ್ ಅನ್ನುತ್ತಾರೆಂದು
ಆಗ ಯಾರೂ ಹೇಳಿರಲಿಲ್ಲ.

ಮೊದಲನೆಯವ ಅರವತ್ತೆರಡು ಸ್ಲೈಡು ತಂದ.
ನಮಗೆಂದೇ ಮೊದಲಲ್ಲಿ ಒಂದು ಕುದುರೆ,
ಬೆನ್ನ ಮೇಲೆ ಹಿಂದುಮುಂದಾದ ಜೀನು.
ಕ್ಲಿಫರ್ಡ್ ಕೆಮ್ಮಿದ.
ಎರಡನೆಯವ ಲೀಡ್ಸಿನಿಂದ ತೆರೆಯ ಮೇಲೇ ಬಂದ,
ತಿಂಗಳಿಗೆ ತಲೆಗಿಷ್ಟು ಎಂದ.
ತಲೆ ಅಂದರೆ? ಎಂದೆ.
ಲಾಗಿನ್ ಆಗುವವರು.
ಹಾಗಾದರೆ ಕ್ಲಿಫರ್ಡನಿಗೆ ತಲೆಯಿಲ್ಲ.

ಕ್ಲಿಫರ್ಡ್ ಟಿಬೆಟ್ಸ್, ಉಗ್ರಾಣ, ನಲವತ್ತೊಂದು ವರ್ಷ.
ಜೇಬಿನಲ್ಲಿ ಮೇಣದ ದಾರ ಸುತ್ತಿದ ನೋಟುಬುಕ್ಕು.
ಒಂದು ಮಧ್ಯಾಹ್ನ ಕೇಳಿದೆ. ಕೊಟ್ಟ,
ಇಲ್ಲೇ ನಿಂತು ಓದು ಅಂದ. ನಿಂತೇ ಓದಿದೆ.

"ಲಡ್ಲೋದ ಬೂದು ಕುದುರೆ: ಎಡಗಿವಿಯ ಹಿಂದೆ ಹಳೆಯ ಗಾಯ,
ಪಟ್ಟಿ ಕಾಲಿಂಚು ಸಡಿಲ ಬಿಡು."
"ಪ್ರೊಬರ್ಟ್: ಕುರಿ ಮರಿಹಾಕಿ ಮುಗಿಯುವ ತನಕ ದುಡ್ಡಿಲ್ಲ.
ಆಮೇಲೆ ಬಂದೇ ಬರುತ್ತದೆ. ಪತ್ರ ಬರೆಯಬೇಡ."
"ಮಿಸೆಸ್ ಆಸ್ಕ್ಯೂ: ಕುದುರೆ ಸತ್ತಿದೆ.
ಆದರೂ ಮೇ ತಿಂಗಳು ಚರ್ಮದ ಸೋಪು ತರಿಸುತ್ತಾಳೆ.
ಕಳಿಸು. ಏನೂ ಕೇಳಬೇಡ."

ಅಕ್ಟೋಬರಿಗೆ ಇವನು ನಿವೃತ್ತ.

ನಮ್ಮ ಕಿರ್ದಿಯ ಕಟ್ಟಕಡೆಗೆ ಒಂದು ಸಣಕಲು ಕಲಂ ಇರುತ್ತಿತ್ತು,
ಷರಾ. ಹೆಚ್ಚಿನ ದಿನ ಖಾಲಿ.
ಒಮ್ಮೊಮ್ಮೆ: "ಮೂರು ಅಂಡಿಗೆ ಹತ್ತಿ ನೆನೆದಿತ್ತು."
ಒಮ್ಮೊಮ್ಮೆ: "ಮಗಳ ಬಾಣಂತನ, ಬಡ್ಡಿ ಬಿಟ್ಟಿದೆ."
ಶಿಲ್ಕು ಕೂಡಿಬರದ ರಾತ್ರಿ ಸಾವಕಾರರ ಬೆರಳು
ಮೊದಲು ಹೋಗುತ್ತಿದ್ದದ್ದು ಅಲ್ಲಿಗೆ.

ಹಾಗಾಗಿ ಎಲ್ಲರನ್ನೂ ಅದೊಂದೇ ಕೇಳಿದೆ:
ಷರಾ ಬರೆಯಲು ಎಷ್ಟು ಜಾಗ?
ಮೊದಲನೆಯವ, ಅದರ ಅಗತ್ಯವೇ ಬೀಳುವುದಿಲ್ಲ ಎಂದ.
ಎರಡನೆಯವ, ನಲವತ್ತು ಅಕ್ಷರ ಎಂದ.
ನಲವತ್ತರಲ್ಲಿ ಕುದುರೆ ಸಾಯುತ್ತದೆ,
ಸೋಪಿಗೆ ಜಾಗವಿಲ್ಲ.

ಮೂರನೆಯವಳು ಸುಮೈರಾ. ಬಸ್ಸಿನಲ್ಲಿ ಬಂದಿದ್ದಳು, ಕೊಡೆ ಇನ್ನೂ ತೊಟ್ಟಿಕ್ಕುತ್ತಿತ್ತು.
"ಗೊತ್ತಿಲ್ಲ" ಎಂದಳು.
ಮೂರು ವಾರದಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.
ಲ್ಯಾಪ್‌ಟಾಪು ತೆರೆದು, ಹೇಳಿ, ಟೈಪು ಮಾಡುತ್ತೇನೆ ಎಂದಳು.
ಲಡ್ಲೋ ಹಿಡಿಸಿತು, ಪ್ರೊಬರ್ಟ್ ಹಿಡಿಸಿದ, ಆಸ್ಕ್ಯೂ ಹಿಡಿಸಿದಳು.
ಆಮೇಲೆ ಅವಳೇ ತಡೆದು:
"ಇದು ಇನ್‌ವಾಯ್ಸಿನ ಮೇಲೆ ಅಚ್ಚಾಗದ ಹಾಗೆ ನೋಡಿಕೊಳ್ಳಬೇಕು.
ಇಲ್ಲವಾದರೆ ಆ ಅಮ್ಮನ ಬಿಲ್ಲಿನಲ್ಲಿ ಸತ್ತ ಕುದುರೆ ಬರುತ್ತದೆ."

ತಿಂಗಳಿಗೆ ಎಂಬತ್ತು ಪೌಂಡು ಜಾಸ್ತಿ.
ಗ್ವೆಂಡಾ ಮುಖ ಹಿಂಡಿದಳು, ಸಹಿ ಹಾಕಿದಳು.
ಬಕಲ್ಲು ಈಗ ಎಲ್ಲಿ ನೋಡಿದರೂ ಒಂಬತ್ತು.
ಅದೇನು ಸಂತೋಷದ ಸುದ್ದಿಯಲ್ಲ.

ದಿನಕ್ಕೊಂದು ಗಂಟೆ ಕ್ಲಿಫರ್ಡ್ ಓದುತ್ತಾನೆ, ನಾನು ಒತ್ತುತ್ತೇನೆ.
ನಿನ್ನೆ ಒಂದು ಪುಟಕ್ಕೆ ಬಂದು ನಿಂತ.
ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ,
ಆ ಹಾಳೆಯನ್ನು ಮೆಲ್ಲಗೆ ಕಿತ್ತು
ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ.

ಕರ್ಸರು ಮಿಟುಕುತ್ತಿತ್ತು.
ಮುಂದಿನದು, ಎಂದೆ.